ವಾಹನದ ಒಡೆಯನೂ ದುರಸ್ತಿಯ ಸ್ವಾತಂತ್ರ್ಯವೂ

ಹಾಸನದಲ್ಲಿ ನಮ್ಮ ಮನೆಯಿಂದ ಎರಡು ಬೀದಿಗಳಾಚೆ, ಹಳೆಯ ಹುಣಸೆಮರವೊಂದರ ನೆರಳಿನಲ್ಲಿ ತಗಡಿನ ಮಾಡು ಇಳಿಸಿಕೊಂಡು, ಮೂವತ್ತು ವರ್ಷಗಳಿಂದ ಗ್ಯಾರೇಜು ನಡೆಸಿಕೊಂಡು ಬಂದಿರುವ ಮೇಸ್ತ್ರಿಯೊಬ್ಬರಿದ್ದಾರೆ. ಓಡುತ್ತಿರುವ ಎಂಜಿನ್ನಿನ ಮೇಲೆ ಉದ್ದನೆಯ ಸ್ಕ್ರೂಡ್ರೈವರೊಂದರ ಮೊನೆಯನ್ನಿಟ್ಟು, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಅರೆಗಳಿಗೆ ನಿಂತರೆಂದರೆ, ಸದ್ದು ಟ್ಯಾಪೆಟ್ಟಿನದೋ ಬೇರಿಂಗಿನದೋ ಎಂಬುದನ್ನು ಅವರು ಹೇಳಿಬಿಡುತ್ತಿದ್ದರು. ಹೇಳಿದ್ದು ತಪ್ಪಿದ ದಿನವನ್ನು ನಾನಂತೂ ಕಾಣೆ. ಬೇಕಾದ ಬಿಡಿಭಾಗ ಊರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಫೋನು ಮಾಡುವರು. ರಾತ್ರಿಯ ಬಸ್ಸಿನಲ್ಲಿ ಪಾರ್ಸೆಲ್ಲು ಬರುವುದು. ಮರುದಿನ ಮಧ್ಯಾಹ್ನದೊಳಗೆ ಗಾಡಿ ಮನೆಯ ಮುಂದಿರುವುದು. ಕಾರ್ಬೊರೇಟರಿನ ಕಾಲದಿಂದಲೂ ನಮ್ಮ ಮನೆಯ ಮೂರು ಕಾರುಗಳನ್ನು ಬಲ್ಲ ಕೈ ಅದು.

ಕಳೆದ ವರ್ಷ ಒಂದು ಬೆಳಗ್ಗೆ ನಮ್ಮ ಈಗಿನ ಕಾರಿನ ಮುಂಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಮೇಸ್ತ್ರಿ ಬಾನೆಟ್ಟು ಎತ್ತುವುದಕ್ಕೆ ಮೊದಲು ಚಾಲಕನ ಬಾಗಿಲು ತೆರೆದು, ನೆಲಕ್ಕೆ ಮಂಡಿಯೂರಿ, ಸ್ಟೀರಿಂಗಿನ ಕೆಳಗೆ ಕೈ ಹಾಕಿದರು. ಅಲ್ಲಿ, ಕುಳಿತವನ ಮೊಣಕಾಲಿಗೆ ಹತ್ತಿರದಲ್ಲಿ, ಮೇಲ್ಗಡೆ ಅಗಲವಾಗಿ ಕೆಳಗಡೆ ಕಿರಿದಾದ ಕರಿಯ ಪ್ಲಾಸ್ಟಿಕ್ಕಿನ ಸಾಕೆಟ್ಟೊಂದಿದೆ. ಅದರೊಳಗೆ ಎಂಟೆಂಟರಂತೆ ಎರಡು ಸಾಲಾಗಿ ಹದಿನಾರು ಪಿನ್ನುಗಳ ಜಾಗವಿದೆ. ಅಂಗೈಯಗಲದ ಸ್ಕ್ಯಾನರಿನ ವೈರನ್ನು ಅದಕ್ಕೆ ಸಿಕ್ಕಿಸಿದೊಡನೆ ಪರದೆಯ ಮೇಲೆ ‘ಪಿ’ ಎಂಬ ಅಕ್ಷರವೂ ಅದರ ಹಿಂದೆ ನಾಲ್ಕು ಅಂಕಿಗಳೂ ಮೂಡಿದುವು. ಮೊದಲನೆಯ ಅಂಕಿ ಒಂದು. ಮೇಸ್ತ್ರಿಯ ಮುಖ ಚಿಕ್ಕದಾಯಿತು.

“ಸಾರ್, ಸೊನ್ನೆ ಬಂದಿದ್ರೆ ನಾನೇ ಮಾಡ್ತಿದ್ದೆ. ಒಂದು ಬಂತು ಅಂದ್ರೆ ಅದು ಕಂಪನಿಯೋರ ಸ್ವಂತ ನಂಬರು. ಏನು ಕೆಟ್ಟಿದೆ ಅಂತ ನಂಗೆ ಅಂದಾಜಿದೆ. ಆದ್ರೆ ಹೊಸದು ಹಾಕಿದ ಮೇಲೆ ಕಂಪ್ಯೂಟರ್ ಅದನ್ನ ಒಪ್ಕೋಬೇಕಲ್ಲ, ಆ ಸಾಫ್ಟ್‌ವೇರು ನಮಗೆ ಕೊಡಲ್ಲ.”

ಈ ಮಾತಿಗೆ ಸ್ವಲ್ಪ ವಿವರಣೆ ಬೇಕು. ಇಂದಿನ ಕಾರು ತನ್ನ ವ್ಯಾಧಿಯನ್ನು ತಾನೇ ಐದು ಅಕ್ಷರಾಂಕಗಳ ಸಂಕೇತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ‘ಪಿ’ ಎಂದರೆ ಎಂಜಿನ್ನು ಮತ್ತು ಗೇರುಗಳ ವ್ಯವಸ್ಥೆ. ಅದರ ಮುಂದಿನ ಅಂಕಿ ಸೊನ್ನೆಯಾಗಿದ್ದರೆ ಆ ಸಂಕೇತ ಜಗತ್ತಿನ ಎಲ್ಲ ತಯಾರಕರಿಗೂ ಸಮಾನವಾದದ್ದು: ಪಿ-0301 ಎಂದು ಬಂದರೆ, ಕಾರು ಯಾವ ದೇಶದ್ದೇ ಇರಲಿ, ಒಂದನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ. ಆ ಅಂಕಿ ಒಂದಾಗಿದ್ದರೆ, ಅದು ಆಯಾ ತಯಾರಕನು ತನಗೆ ತಾನೇ ಕಟ್ಟಿಕೊಂಡ ನಿಘಂಟಿನ ಪದ. ಆ ನಿಘಂಟು ದೊರೆತವನಿಗೆ ಅರ್ಥ, ದೊರೆಯದವನಿಗೆ ಬರಿಯ ಅಂಕಿ. ಒಂದು ಸೊನ್ನೆಗೂ ಒಂದು ಒಂದಕ್ಕೂ ನಡುವಣ ಈ ಅಂತರದಲ್ಲಿಯೇ, ಕಳೆದ ಕಾಲು ಶತಮಾನದಿಂದ ಹಲವು ದೇಶಗಳ ಶಾಸನಸಭೆಗಳಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ನಡೆಯುತ್ತಿರುವ ಒಂದು ದೊಡ್ಡ ವಿವಾದದ ಬೀಜವಿದೆ.

ನಮ್ಮ ಕಾರು ಅಧಿಕೃತ ಸರ್ವೀಸ್ ಸೆಂಟರಿಗೆ ಹೋಗಿ, ಸರದಿ ಕಾದು, ನಾಲ್ಕನೆಯ ದಿನ ಹಿಂದಿರುಗಿತು. ಬದಲಾಯಿಸಿದ್ದು ಮೇಸ್ತ್ರಿ ಅಂದಾಜು ಮಾಡಿದ್ದ ಸೆನ್ಸರನ್ನೇ. ಕಂಪ್ಯೂಟರಿಗೆ ಅದರ ಪರಿಚಯ ಮಾಡಿಸುವ ಕೆಲಸ ನನ್ನ ಕಣ್ಣೆದುರಿನಲ್ಲಿಯೇ ಐದು ನಿಮಿಷಗಳಲ್ಲಿ ಮುಗಿಯಿತು. ಬಿಲ್ಲಿನ ಮೊತ್ತಕ್ಕಿಂತಲೂ ನನ್ನನ್ನು ಹೆಚ್ಚು ಕಾಡಿದ್ದು, ಮೂವತ್ತು ವರ್ಷಗಳ ವಿದ್ಯೆಯುಳ್ಳ ಮನುಷ್ಯನೊಬ್ಬನು ತಾನು ಬಲ್ಲ ಕೆಲಸದ ಮುಂದೆ ಕೈಚೆಲ್ಲಿ ನಿಲ್ಲಬೇಕಾದ ಆ ಸ್ಥಿತಿ. ಹಣ ಕೊಟ್ಟು ಕೊಂಡ ವಸ್ತು ನನ್ನದು. ಅದನ್ನು ಮಾರುವುದಕ್ಕೆ, ದಾನ ಮಾಡುವುದಕ್ಕೆ, ಮುರಿದು ಗುಜರಿಗೆ ಹಾಕುವುದಕ್ಕೆ ಕೂಡ ನನಗೆ ಅಧಿಕಾರವುಂಟು. ಆದರೆ ಕೆಟ್ಟಾಗ ನಾನು ನಂಬಿದವನ ಕೈಯಿಂದ ಸರಿಮಾಡಿಸಿಕೊಳ್ಳುವ ಅಧಿಕಾರವೊಂದು ಮಾತ್ರ ಮಾರಿದವನ ಅನುಗ್ರಹವನ್ನು ಅವಲಂಬಿಸಿದೆಯೆಂದರೆ, ಅಂತಹ ಒಡೆತನವನ್ನು ಪೂರ್ಣ ಒಡೆತನವೆಂದು ಕರೆಯುವುದು ಹೇಗೆ?

ಆ ಹದಿನಾರು ಪಿನ್ನುಗಳ ಸಾಕೆಟ್ಟು ಹುಟ್ಟಿದ್ದು ಒಡೆಯನ ಹಕ್ಕಿನ ಚಿಂತನೆಯಿಂದಲ್ಲ, ಹೊಗೆಯ ಚಿಂತೆಯಿಂದ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಲಾಸ್ ಏಂಜಲೀಸ್ ನಗರವನ್ನು ಕವಿದಿದ್ದ ಕಂದುಬಣ್ಣದ ಹೊಗೆಮಂಜು ಮೋಟಾರುಗಳ ಹೊಗೆಯಿಂದ ಉಂಟಾದುದೆಂದು ಕಳೆದ ಶತಮಾನದ ಐವತ್ತರ ದಶಕದಲ್ಲಿ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್ ಅವರು ತೋರಿಸಿಕೊಟ್ಟ ಮೇಲೆ, ಆ ರಾಜ್ಯ ಕಾರುಗಳ ಹೊಗೆಯನ್ನು ಅಂಕೆಯಲ್ಲಿಡುವುದಕ್ಕೆ ಒಂದರ ಮೇಲೊಂದು ನಿಯಮ ಮಾಡುತ್ತ ಬಂದಿತು. ಕಾರ್ಖಾನೆಯಿಂದ ಹೊರಟಾಗ ಶುದ್ಧವಾಗಿದ್ದ ಎಂಜಿನ್ನು ಹತ್ತು ವರ್ಷಗಳಾದ ಮೇಲೂ ಶುದ್ಧವಾಗಿಯೇ ಇದೆಯೆಂದು ತಿಳಿಯುವುದು ಹೇಗೆ? ಎಂಜಿನ್ನೇ ತನ್ನನ್ನು ತಾನು ಪರೀಕ್ಷಿಸಿಕೊಂಡು ವರದಿ ಒಪ್ಪಿಸಬೇಕೆಂಬುದು ಉತ್ತರವಾಯಿತು. 1996ರ ಮಾದರಿಯಿಂದ ಮೊದಲ್ಗೊಂಡು ಅಮೆರಿಕದಲ್ಲಿ ಮಾರಾಟವಾಗುವ ಪ್ರತಿಯೊಂದು ಕಾರಿನಲ್ಲಿಯೂ ಒಂದೇ ಆಕಾರದ ಸಾಕೆಟ್ಟು, ಒಂದೇ ಸಂಕೇತಭಾಷೆ ಕಡ್ಡಾಯವಾದುವು. ಇದಕ್ಕೆ ಆಧಾರವಾದ 1990ರ ಶುದ್ಧವಾಯು ಶಾಸನದ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇತ್ತು: ಹೊಗೆಗೆ ಸಂಬಂಧಿಸಿದ ದುರಸ್ತಿಯ ಮಾಹಿತಿಯನ್ನು ತಯಾರಕರು ತಮ್ಮ ಡೀಲರುಗಳಿಗೆ ಮಾತ್ರವಲ್ಲದೆ ದುರಸ್ತಿಯ ವೃತ್ತಿಯಲ್ಲಿರುವ ಯಾರಿಗೇ ಆದರೂ ಒದಗಿಸತಕ್ಕದ್ದು. ಊರಿನ ಗಾಳಿ ಶುದ್ಧವಾಗಿರಬೇಕಾದರೆ ಊರಿನ ಎಲ್ಲ ಗ್ಯಾರೇಜುಗಳಿಗೂ ಆ ವಿದ್ಯೆ ತಿಳಿದಿರಬೇಕೆಂಬ ಈ ಸರಳ ತರ್ಕದಲ್ಲಿ, ಮುಂದೆ ಬಂದ ಹಕ್ಕಿನ ಶಾಸನಗಳೆಲ್ಲದರ ಮೊದಲ ಮೊಳಕೆಯನ್ನು ನಾನು ಕಾಣುತ್ತೇನೆ.

ಆದರೆ ಹೊಗೆಗೆ ಸಂಬಂಧಿಸದ ಭಾಗಗಳ ಗತಿಯೇನು? ಬ್ರೇಕು, ಗಾಳಿಚೀಲ, ಬಾಗಿಲ ಬೀಗ, ಕಳವು ತಡೆಯುವ ಸಾಧನ, ಹವಾನಿಯಂತ್ರಕ ಇವೆಲ್ಲವೂ ಒಂದೊಂದಾಗಿ ಕಂಪ್ಯೂಟರಿನ ಆಳ್ವಿಕೆಗೆ ಒಳಪಟ್ಟಂತೆ, ಪಾನದಿಂದ ಬಿಚ್ಚಬಹುದಾಗಿದ್ದ ಬೋಲ್ಟಿನ ಜಾಗಕ್ಕೆ ಸಂಕೇತಪದದ ಬೀಗ ಬಂದಿತು. ಮುಂಗಾಜನ್ನು ಬದಲಾಯಿಸಿದರೆ ಅದರ ಹಿಂದಿನ ಕ್ಯಾಮೆರಾದ ದೃಷ್ಟಿಯನ್ನು ಪುನಃ ಹೊಂದಿಸಬೇಕು. ಕೆಲವು ಕಾರುಗಳಲ್ಲಿ ಬ್ಯಾಟರಿ ಹೊಸದಾದರೂ ಅದನ್ನು ಕಂಪ್ಯೂಟರಿನ ದಫ್ತರಿನಲ್ಲಿ ನಮೂದಿಸಬೇಕು. ಅಲ್ಲಿಯ ಸ್ವತಂತ್ರ ಗ್ಯಾರೇಜಿನವರ ಬೆಂಬಲದಿಂದ 2001ರಲ್ಲಿಯೇ ವಾಹನ ಮಾಲೀಕರ ದುರಸ್ತಿಯ ಹಕ್ಕಿನ ಮಸೂದೆ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂದಿತು. ಮುಂದಿನ ಹಲವು ಅಧಿವೇಶನಗಳಲ್ಲಿ ಮತ್ತೆ ಮತ್ತೆ ಬಂದು, ಪ್ರತಿಸಲವೂ ಅಂಗೀಕಾರವಾಗದೆ ಬಿದ್ದುಹೋಯಿತು. ಆ ದೇಶದಲ್ಲಿ ಒಡೆಯನಿಗೆ ಇದ್ದ ಹಳೆಯ ಆಸರೆಯೆಂದರೆ 1975ರ ವಾರಂಟಿ ಶಾಸನವೊಂದೇ. ತನ್ನ ಹೆಸರಿನ ಬಿಡಿಭಾಗವನ್ನೇ ಹಾಕಿಸಬೇಕು, ತನ್ನಲ್ಲಿಯೇ ಸರ್ವೀಸು ಮಾಡಿಸಬೇಕು, ಇಲ್ಲವಾದರೆ ವಾರಂಟಿ ರದ್ದು ಎಂದು ತಯಾರಕನು ಷರತ್ತು ಹಾಕುವಂತಿಲ್ಲವೆಂದು ಆ ಶಾಸನ ಹೇಳುತ್ತದೆ. ಒಳ್ಳೆಯ ಶಾಸನವೇ. ಆದರೆ ಹೊರಗೆ ಮಾಡಿಸಬಾರದೆಂಬ ನಿಷೇಧವನ್ನು ತೆಗೆದುಹಾಕಿದ ಮಾತ್ರಕ್ಕೆ, ಹೊರಗಿನವನಿಗೆ ಮಾಡುವ ಸಾಮರ್ಥ್ಯ ಬರುವುದಿಲ್ಲ. ಬಾಗಿಲಲ್ಲಿ ಕಾವಲುಗಾರನಿಲ್ಲದಿದ್ದರೂ ಬೀಗವಿದ್ದ ಮೇಲೆ ಒಳಗೆ ಹೋಗುವುದೆಂತು?

ಕೇಂದ್ರದಲ್ಲಿ ಆಗದ ಕೆಲಸವನ್ನು ಈಶಾನ್ಯದ ಒಂದು ಸಣ್ಣ ರಾಜ್ಯ ಮಾಡಿತು. ಮ್ಯಾಸಚೂಸೆಟ್ಸ್ ರಾಜ್ಯದ ಸಂವಿಧಾನದಲ್ಲಿ, ನಿಗದಿಯಾದಷ್ಟು ಮತದಾರರ ರುಜುಗಳನ್ನು ಕೂಡಿಸಿದರೆ ಪ್ರಜೆಗಳೇ ಒಂದು ಶಾಸನದ ಕರಡನ್ನು ನೇರವಾಗಿ ಮತಪತ್ರದ ಮೇಲೆ ತರುವುದಕ್ಕೆ ಅವಕಾಶವಿದೆ. 2012ರ ನವೆಂಬರಿನ ಚುನಾವಣೆಯಲ್ಲಿ ಹಾಗೆ ಬಂದ ಮೊದಲನೆಯ ಪ್ರಶ್ನೆ ಇದೇ ಆಗಿತ್ತು: ಡೀಲರುಗಳಿಗೆ ಕೊಡುವ ರೋಗನಿದಾನದ ಮತ್ತು ದುರಸ್ತಿಯ ಮಾಹಿತಿಯನ್ನು ತಯಾರಕರು ಒಡೆಯರಿಗೂ ಸ್ವತಂತ್ರ ಗ್ಯಾರೇಜುಗಳಿಗೂ ನ್ಯಾಯವಾದ ಬೆಲೆಗೆ ಕೊಡಬೇಕೆ, ಬೇಡವೆ? ಮತದಾನಕ್ಕೆ ಮೂರು ತಿಂಗಳು ಮುಂಚೆ ಎರಡೂ ಪಕ್ಷಗಳೂ ರಾಜಿಯಾಗಿ ಶಾಸನಸಭೆಯಲ್ಲಿ ಒಂದು ಕಾಯಿದೆಯಾಯಿತು. ಆದರೆ ಪ್ರಶ್ನೆಯನ್ನು ಮತಪತ್ರದಿಂದ ತೆಗೆಯುವ ಗಡುವು ಮೀರಿಹೋಗಿತ್ತು. ಪ್ರಶ್ನೆಯನ್ನು ತಂದವರೇ, ಉತ್ತರಿಸದೆ ಬಿಟ್ಟುಬಿಡಿರೆಂದು ಮತದಾರರನ್ನು ಕೇಳಿಕೊಂಡರು. ಮತದಾರರು ಬಿಡಲಿಲ್ಲ. ನೂರಕ್ಕೆ ಸುಮಾರು 86 ಮಂದಿ ಹೌದೆಂದರು. ಚುನಾವಣೆಗಳಲ್ಲಿ ಇಂತಹ ಏಕಕಂಠ ಅಪರೂಪ. ಪಕ್ಷ, ವರ್ಣ, ವರಮಾನ ಯಾವ ಭೇದವೂ ಇಲ್ಲದೆ ಕಾರಿದ್ದವರೆಲ್ಲರಿಗೂ ಅನುಭವವಾಗಿದ್ದ ಸಂಕಟವೊಂದು ಅಲ್ಲಿ ಬಾಯಿ ತೆರೆದಿತ್ತು. ಎರಡು ಕಾಯಿದೆಗಳನ್ನು 2013ರ ನವೆಂಬರಿನಲ್ಲಿ ಹೊಂದಿಸಿ ಒಂದು ಮಾಡಿದರು. ರಾಜ್ಯಕ್ಕೊಂದು ಕಾಯಿದೆಯಾಗುವುದನ್ನು ತಪ್ಪಿಸಿಕೊಳ್ಳಬೇಕೆಂದು ತಯಾರಕರ ಸಂಘಗಳು 2014ರ ಜನವರಿಯಲ್ಲಿ ಒಡಂಬಡಿಕೆಯೊಂದಕ್ಕೆ ರುಜು ಹಾಕಿ, ಅದೇ ನಿಯಮಗಳನ್ನು ದೇಶದಾದ್ಯಂತ ಪಾಲಿಸುವುದಾಗಿ ಒಪ್ಪಿಕೊಂಡುವು.

ಅಲ್ಲಿಗೆ ಕಥೆ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ, ಏಕೆಂದರೆ ಕಾಯಿದೆ ಸಾಕೆಟ್ಟಿನ ಬೀಗವನ್ನು ತೆಗೆಸುತ್ತಿರುವ ಹೊತ್ತಿಗೆ ಬೀಗ ಅಲ್ಲಿಂದ ಎದ್ದು ಗಾಳಿಗೆ ಹೋಗಿತ್ತು. ಹೊಸ ಕಾರುಗಳ ಒಡಲಲ್ಲಿ ನಮ್ಮ ಮೊಬೈಲಿನಲ್ಲಿರುವಂತಹುದೇ ಸಿಮ್ ಅಡಗಿರುತ್ತದೆ. ಕಾರು ಓಡುತ್ತಿರುವಾಗಲೇ ತನ್ನ ಸ್ಥಿತಿಗತಿಗಳನ್ನು ತಯಾರಕನ ಕಂಪ್ಯೂಟರಿಗೆ ಅದು ತಂತಿಯಿಲ್ಲದೆ ತಲುಪಿಸುತ್ತದೆ. ಬ್ರೇಕಿನ ಪ್ಯಾಡು ಸವೆದ ಸಂಗತಿ ಒಡೆಯನಿಗೆ ತಿಳಿಯುವುದಕ್ಕೆ ಮೊದಲೇ ತಯಾರಕನಿಗೆ ತಿಳಿದು, ಡೀಲರಿನ ಕಡೆಯಿಂದ ಒಡೆಯನಿಗೆ ಕರೆ ಬರಬಹುದು. ಅನುಕೂಲವಾದ ಏರ್ಪಾಡೆಂಬುದರಲ್ಲಿ ಸಂದೇಹವಿಲ್ಲ. ಆದರೆ 2013ರ ಕಾಯಿದೆಯೂ 2014ರ ಒಡಂಬಡಿಕೆಯೂ ಈ ನಿಸ್ತಂತು ಮಾಹಿತಿಯನ್ನು ಬಹುಮಟ್ಟಿಗೆ ಹೊರಗಿಟ್ಟಿದ್ದುವು. ಆದಕಾರಣ, ಸಾಕೆಟ್ಟಿನಲ್ಲಿ ಹರಿಯಬೇಕಾದ ಮಾಹಿತಿಯೆಲ್ಲ ಕ್ರಮೇಣ ಗಾಳಿಯ ದಾರಿ ಹಿಡಿದರೆ, ಊರ ಗ್ಯಾರೇಜಿನವನ ಕೈಗೆ ಉಳಿಯುವುದು ಬರಿಯ ಸಾಕೆಟ್ಟು. ಈ ಅಪಾಯವನ್ನು ಮನಗಂಡು ಅದೇ ರಾಜ್ಯದ ಜನ ಎರಡನೆಯ ಸಲ ರುಜು ಕೂಡಿಸಿ, 2020ರ ನವೆಂಬರಿನಲ್ಲಿ ಮತ್ತೆ ಮೊದಲನೆಯ ಪ್ರಶ್ನೆಯಾಗಿಯೇ ಅದನ್ನು ಮತಪತ್ರಕ್ಕೆ ತಂದರು. 2022ರ ಮಾದರಿಯಿಂದಾಚೆಗೆ ನಿಸ್ತಂತು ವ್ಯವಸ್ಥೆಯುಳ್ಳ ಕಾರುಗಳೆಲ್ಲದರಲ್ಲಿಯೂ ಸರ್ವಸಮಾನವಾದ, ತೆರೆದ ಮಾಹಿತಿವೇದಿಕೆಯಿರಬೇಕು. ದುರಸ್ತಿಗೆ ಬೇಕಾದ ಮಾಹಿತಿಯನ್ನು ಒಡೆಯನು ತನ್ನ ಮೊಬೈಲಿನಲ್ಲಿಯೇ ನೋಡಿಕೊಳ್ಳುವಂತಿರಬೇಕು. ಅವನು ಒಪ್ಪಿಗೆ ಕೊಟ್ಟ ಗ್ಯಾರೇಜಿಗೆ ಅದು ದೊರೆಯಬೇಕು ಎಂಬುದು ಅದರ ತಿರುಳು.

ನನ್ನ ತಂಗಿಯ ಮಗ ಆ ರಾಜ್ಯದ ವುಸ್ಟರ್ ನಗರದ ಬಳಿ ಬಹಳ ವರ್ಷಗಳಿಂದ ನೆಲೆಸಿ, ಅಲ್ಲಿಯ ಪೌರನಾಗಿದ್ದಾನೆ. ಪ್ರತಿ ಭಾನುವಾರ ಫೋನು ಮಾಡುವುದು ಅವನ ವಾಡಿಕೆ. ಆ ಶರತ್ಕಾಲದ ಒಂದು ಭಾನುವಾರ ಅವನು ಹೇಳಿದ ಮಾತು ನನ್ನ ನೆನಪಿನಲ್ಲಿದೆ.

“ಮಾವ, ಟಿವಿ ಹಾಕಿದರೆ ಸಾಕು, ಇದೇ ಜಾಹೀರಾತು. ಕತ್ತಲೆ ಪಾರ್ಕಿಂಗಿನಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಕಾರಿನ ಕಡೆ ಹೋಗ್ತಿರ್ತಾಳೆ, ಹಿಂದಿನಿಂದ ಯಾರೋ ಬರ್ತಿರ್ತಾರೆ. ಒಂದನೇ ಪ್ರಶ್ನೆಗೆ ಹೌದು ಅಂದರೆ ನಿಮ್ಮನೆ ಹೆಣ್ಣುಮಕ್ಕಳಿಗೂ ಇದೇ ಗತಿ ಅನ್ನೋ ಹಾಗೆ ಹೆದರಿಸ್ತಾರೆ. ನಮ್ಮವಳು ಕೇಳ್ತಾಳೆ, ಬ್ರೇಕ್ ಪ್ಯಾಡ್ ಬದಲಾಯಿಸೋದಕ್ಕೂ ಇದಕ್ಕೂ ಏನು ಸಂಬಂಧ ಅಂತ.”

ಆ ಜಾಹೀರಾತು ವಿವಾದದ ಇತಿಹಾಸದಲ್ಲಿ ಸ್ಥಾನ ಪಡೆದಿದೆ. ಪರ ವಿರೋಧದ ಎರಡು ಪಕ್ಷಗಳೂ ಸೇರಿ ಆ ಒಂದು ಪ್ರಶ್ನೆಗಾಗಿ ಸುಮಾರು ಐದು ಕೋಟಿ ಡಾಲರುಗಳನ್ನು ವೆಚ್ಚಮಾಡಿದುವು. ಒಂದು ಕಡೆ ಕಾರು ತಯಾರಕರು, ಇನ್ನೊಂದು ಕಡೆ ಬಿಡಿಭಾಗಗಳ ಮಾರಾಟಗಾರರೂ ಸ್ವತಂತ್ರ ಗ್ಯಾರೇಜುಗಳ ಒಕ್ಕೂಟಗಳೂ ನಿಂತಿದ್ದರೆಂಬುದನ್ನು ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು; ಹಕ್ಕಿನ ಪಕ್ಷದಲ್ಲಿಯೂ ವ್ಯಾಪಾರದ ಹಿತವಿತ್ತು. ಆದರೆ ಮತ ಹಾಕಿದವರು ವ್ಯಾಪಾರಿಗಳಲ್ಲ. ಸುಮಾರು 26 ಲಕ್ಷ ಜನ, ಅಂದರೆ ನೂರಕ್ಕೆ 75ರಷ್ಟು ಮತದಾರರು, ಆ ಭಯದ ಚಿತ್ರವನ್ನು ದಿನವೂ ನೋಡಿದ ಮೇಲೆಯೂ ಹೌದೆಂದರು.

ಆಮೇಲೆ ನಡೆದದ್ದು ದೀರ್ಘವಾದ ನಿರೀಕ್ಷೆ. ಅದೇ ತಿಂಗಳು ತಯಾರಕರ ಒಕ್ಕೂಟ ಬಾಸ್ಟನ್ನಿನ ಫೆಡರಲ್ ನ್ಯಾಯಸ್ಥಾನಕ್ಕೆ ಹೋಯಿತು. 2021ರ ಜೂನಿನಲ್ಲಿ ವಿಚಾರಣೆ ನಡೆದು, ತೀರ್ಪು ಮಾತ್ರ ಮುಂದಕ್ಕೆ ಮುಂದಕ್ಕೆ ಹೋಯಿತು. ಈ ನಡುವೆ ಸುಬಾರು ಮತ್ತು ಕಿಯಾ ಕಂಪನಿಗಳು ಆ ರಾಜ್ಯದ ನಿವಾಸಿಗಳಿಗೆ ಮಾರಿದ 2022ರ ಮಾದರಿಯ ಕಾರುಗಳಲ್ಲಿ ನಿಸ್ತಂತು ಸೇವೆಯನ್ನೇ ನಿಲ್ಲಿಸಿಬಿಟ್ಟುವು. ಹೊಸ ಕಾರು ಕೊಂಡವನಿಗೆ ಅಪಘಾತವಾದರೆ ತಾನೇ ಸಹಾಯಕ್ಕೆ ಕರೆಯುವ ಸೌಲಭ್ಯವೂ ಅದರೊಡನೆ ಹೋಯಿತು. ರಾಜ್ಯದ ಅಟಾರ್ನಿ ಜನರಲ್ ಆಂಡ್ರಿಯಾ ಕ್ಯಾಂಪ್‌ಬೆಲ್ ಅವರು ಇನ್ನು ಕಾಯುವುದಿಲ್ಲವೆಂದು 2023ರ ಜೂನ್ 1ರಿಂದ ಕಾಯಿದೆಯನ್ನು ಜಾರಿಗೆ ತಂದರು. ಹನ್ನೆರಡು ದಿನಗಳಾಗುವಷ್ಟರಲ್ಲಿ ಕೇಂದ್ರದ ರಸ್ತೆಸುರಕ್ಷತಾ ಇಲಾಖೆ ತಯಾರಕರಿಗೆಲ್ಲ ಪತ್ರ ಬರೆದು, ದೂರದಿಂದ ಕಾರಿನ ಸ್ಟೀರಿಂಗು ಬ್ರೇಕುಗಳ ಮೇಲೆ ಕೈಯಾಡಿಸುವುದಕ್ಕೆ ಎಡೆಗೊಡುವ ಈ ಕಾಯಿದೆಯನ್ನು ಪಾಲಿಸಬೇಡಿರೆಂದು ಸೂಚಿಸಿತು. ಅದೇ ಇಲಾಖೆ ಆಗಸ್ಟ್ 22ರಂದು ಬರೆದ ಇನ್ನೊಂದು ಪತ್ರದಲ್ಲಿ, ಬ್ಲೂಟೂತಿನಂತಹ ಹತ್ತಿರದ ಸಂಪರ್ಕದ ಮೂಲಕ ಮಾಹಿತಿ ಕೊಡುವುದಾದರೆ ಕೇಂದ್ರದ ಸುರಕ್ಷತಾ ಶಾಸನಕ್ಕೂ ರಾಜ್ಯದ ಕಾಯಿದೆಗೂ ವಿರೋಧವಿಲ್ಲವೆಂದು ಒಪ್ಪಿಕೊಂಡಿತು. ಆ ವರ್ಷದ ನವೆಂಬರಿನಲ್ಲಿ ಈಶಾನ್ಯದ ಮೇನ್ ರಾಜ್ಯದ ಮತದಾರರೂ ನೂರಕ್ಕೆ ಸುಮಾರು 84ರಂತೆ ಇದೇ ಬಗೆಯ ಕಾಯಿದೆಗೆ ಒಪ್ಪಿಗೆಯಿತ್ತರು. ಬಾಸ್ಟನ್ನಿನ ನ್ಯಾಯಸ್ಥಾನ ತಯಾರಕರ ದಾವೆಯನ್ನು ತಳ್ಳಿಹಾಕಿದ್ದು 2025ರ ಫೆಬ್ರವರಿಯಲ್ಲಿ. ಮತ ಚಲಾಯಿಸಿದ ದಿನದಿಂದ ಅಲ್ಲಿಗೆ ನಾಲ್ಕು ವರ್ಷ ಮೂರು ತಿಂಗಳು.

ತಯಾರಕರ ಸುರಕ್ಷತೆಯ ವಾದವನ್ನು ಹಗುರವಾಗಿ ತಳ್ಳಿಬಿಡುವುದು ಸರಿಯಲ್ಲ. 2015ರ ಜುಲೈನಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವ್ಯಾಲಸೆಕ್ ಎಂಬ ಇಬ್ಬರು ಸಂಶೋಧಕರು, ಸೇಂಟ್ ಲೂಯಿಸ್ ನಗರದ ಹೆದ್ದಾರಿಯಲ್ಲಿ ಹೋಗುತ್ತಿದ್ದ ಜೀಪ್ ಚೆರೊಕೀ ವಾಹನವೊಂದನ್ನು ಮನೆಯಲ್ಲಿ ಕುಳಿತು ಲ್ಯಾಪ್‌ಟಾಪಿನ ಮೂಲಕ ವಶಪಡಿಸಿಕೊಂಡು, ಒಳಗಿದ್ದ ಪತ್ರಕರ್ತನ ಕಾಲ ಕೆಳಗಿನ ವೇಗವರ್ಧಕ ನಿಷ್ಫಲವಾಗುವಂತೆ ಮಾಡಿ ತೋರಿಸಿದರು. ಆ ಪ್ರಯೋಗದ ಪರಿಣಾಮವಾಗಿ ಕಂಪನಿ 14 ಲಕ್ಷ ವಾಹನಗಳನ್ನು ಸರಿಪಡಿಸುವುದಕ್ಕೆ ಹಿಂದಕ್ಕೆ ಕರೆಯಬೇಕಾಯಿತು. ಆದ್ದರಿಂದ ಭಯಕ್ಕೆ ಆಧಾರವಿದೆ. ಆದರೆ ಆ ಸಂಶೋಧಕರು ಒಳನುಗ್ಗಿದ ಕಂಡಿ ಯಾವುದು? ಊರ ಗ್ಯಾರೇಜಿಗೆಂದು ತೆರೆದ ಬಾಗಿಲಲ್ಲ. ತಯಾರಕನೇ ತನ್ನ ಸೇವೆಗಾಗಿ ಇಟ್ಟುಕೊಂಡಿದ್ದ ನಿಸ್ತಂತು ದಾರಿ. ದಾರಿಯನ್ನು ಒಬ್ಬನೇ ಬಳಸಿದರೆ ಅದು ಭದ್ರ, ಇಬ್ಬರು ಬಳಸಿದರೆ ಅಪಾಯ ಎಂಬ ವಾದಕ್ಕೆ ಈ ಘಟನೆ ಬೆಂಬಲ ಕೊಡುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನಾನಾ ವಸ್ತುಗಳ ತಯಾರಕರು ದುರಸ್ತಿಯ ಮೇಲೆ ಹೇರುವ ನಿರ್ಬಂಧಗಳನ್ನು ಪರಿಶೀಲಿಸಿ 2021ರ ಮೇ ತಿಂಗಳಿನಲ್ಲಿ ಕೊಟ್ಟ ವರದಿಯಲ್ಲಿ, ಆ ನಿರ್ಬಂಧಗಳಿಗೆ ತಯಾರಕರು ಕೊಡುವ ಕಾರಣಗಳಿಗೆ ಪುರಾವೆ ಅತ್ಯಲ್ಪವೆಂದು ಹೇಳಿದೆ. ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈಗಳಿರುತ್ತವೆ, ಬ್ಯಾಂಕಿನವರದೊಂದು, ಒಡವೆಯಿಟ್ಟವನದೊಂದು. ಭದ್ರತೆಗಾಗಿ ಎರಡನ್ನೂ ನಾವೇ ಇಟ್ಟುಕೊಳ್ಳುತ್ತೇವೆಂದು ಬ್ಯಾಂಕಿನವರು ಹೇಳಿದರೆ ನಾವು ಒಪ್ಪುವೆವೆ?

ಇತರ ದೇಶಗಳ ಮಾತನ್ನು ಸಂಕ್ಷೇಪವಾಗಿ ಹೇಳುವುದಾದರೆ, ಯುರೋಪಿನ ಒಕ್ಕೂಟ 2007ರ ಹೊಗೆನಿಯಮಗಳಲ್ಲಿಯೇ ಸ್ವತಂತ್ರ ದುರಸ್ತಿಗಾರರಿಗೆ ಮಾಹಿತಿ ಕೊಡುವುದನ್ನು ಕಡ್ಡಾಯಮಾಡಿತ್ತು; ಆಸ್ಟ್ರೇಲಿಯ 2021ರಲ್ಲಿ ಮಾಡಿದ ಶಾಸನ 2022ರ ಜುಲೈ 1ರಿಂದ ಜಾರಿಯಲ್ಲಿದೆ. ನಮ್ಮ ದೇಶದ ವಿಷಯಕ್ಕೆ ಮಾತ್ರ ಸ್ವಲ್ಪ ನಿಂತು ಹೋಗಬೇಕು.

2014ನೆಯ ಇಸವಿ ಭಾರತದ ಮೋಟಾರು ಚರಿತ್ರೆಯಲ್ಲಿ ಎರಡು ಕಾರಣಗಳಿಂದ ನೆನೆಯತಕ್ಕದ್ದು. ಆ ವರ್ಷದ ಮೇ ತಿಂಗಳಿನಲ್ಲಿ ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆ ನಿಂತುಹೋಯಿತು. ಯಾವ ಹಳ್ಳಿಯ ರಸ್ತೆಯ ಬದಿಯಲ್ಲಿ ಕೆಟ್ಟು ನಿಂತರೂ, ನಾಲ್ಕು ಪಾನಗಳೂ ಒಂದು ಸುತ್ತಿಗೆಯೂ ಉಳ್ಳ ಹುಡುಗನೊಬ್ಬನು ಬಂದು ಹೊರಡಿಸಿ ಕಳುಹಬಹುದಾಗಿದ್ದ ಕಾರು ಅದು. ಮೂರು ತಿಂಗಳು ಕಳೆದು, ಆಗಸ್ಟ್ 25ರಂದು, ಭಾರತದ ಸ್ಪರ್ಧಾ ಆಯೋಗ ತನ್ನ ಪ್ರಸಿದ್ಧ ಆದೇಶವನ್ನು ಹೊರಡಿಸಿತು. ಮೂರು ವರ್ಷಗಳ ಹಿಂದೆ ಒಬ್ಬ ಸಾಮಾನ್ಯ ಪ್ರಜೆ ಮೂರು ಕಾರು ಕಂಪನಿಗಳ ಮೇಲೆ ಕೊಟ್ಟಿದ್ದ ದೂರಿನಿಂದ ತೊಡಗಿದ ಆ ತನಿಖೆ, ಬೆಳೆಯುತ್ತ ದೇಶದ ಕಾರು ಉದ್ಯಮವೆಲ್ಲವನ್ನೂ ಒಳಗೊಂಡಿತ್ತು. ಅಸಲಿ ಬಿಡಿಭಾಗಗಳನ್ನೂ ರೋಗನಿದಾನದ ಉಪಕರಣಗಳನ್ನೂ ತೆರೆದ ಮಾರುಕಟ್ಟೆಯಲ್ಲಿ ದೊರೆಯದಂತೆ ಮಾಡಿ, ಗ್ರಾಹಕರು ಅಧಿಕೃತ ಡೀಲರುಗಳ ಬಳಿಗೇ ಹೋಗುವಂತೆ ಕಟ್ಟಿಹಾಕಿದ್ದಾರೆಂದು ತೀರ್ಮಾನಿಸಿ, ಹದಿನಾಲ್ಕು ಕಂಪನಿಗಳಿಗೆ ಅವುಗಳ ವಾರ್ಷಿಕ ವಹಿವಾಟಿನ ಸರಾಸರಿಯಲ್ಲಿ ನೂರಕ್ಕೆ ಎರಡರಂತೆ ಒಟ್ಟು 2,544.65 ಕೋಟಿ ರೂಪಾಯಿಗಳ ದಂಡವನ್ನು ಆಯೋಗ ವಿಧಿಸಿತು. ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೊಟಾ ಕಿರ್ಲೋಸ್ಕರ್ ಕಂಪನಿಯ ಪಾಲಿಗೆ ಬಂದದ್ದು 93.38 ಕೋಟಿ. ಕಂಪನಿಗಳು ಮೇಲ್ಮನವಿ ಮಾಡಿದುವು. ಹಾಗೆ ಹೋದವುಗಳಲ್ಲಿ ಮೂರು ಕಂಪನಿಗಳ ಮನವಿಯನ್ನು 2016ರ ಡಿಸೆಂಬರಿನಲ್ಲಿ ತೀರ್ಮಾನಿಸಿದ ಮೇಲ್ಮನವಿ ನ್ಯಾಯಮಂಡಳಿ, ತಪ್ಪು ನಡೆದಿದೆಯೆಂಬುದನ್ನು ಎತ್ತಿಹಿಡಿದು, ದಂಡದ ಲೆಕ್ಕವನ್ನು ಮಾತ್ರ ಬಿಡಿಭಾಗಗಳ ವಹಿವಾಟಿಗೆ ಇಳಿಸಿತು.

ದಂಡದ ಮೊತ್ತ ಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಬಂದಿತು. ನಿರ್ದೇಶನಗಳು ಅಷ್ಟಾಗಿ ಜನರ ಕಿವಿಗೆ ಬೀಳಲಿಲ್ಲ. ನಿಜವಾದ ತೂಕವಿದ್ದುದು ಅವುಗಳಿಗೆ. ಬಿಡಿಭಾಗಗಳೂ ಉಪಕರಣಗಳೂ ಗ್ರಾಹಕರಿಗೆ ಮತ್ತು ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯುವಂತಿರಬೇಕು; ಹೊರಗಡೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿಯಾಗಿ ರದ್ದೆಂಬ ಸಾರಾಸಗಟು ಷರತ್ತನ್ನು ಹಾಕಕೂಡದು ಎಂದು ಆಯೋಗ ಸ್ಪಷ್ಟವಾಗಿ ಹೇಳಿತು. ಅಮೆರಿಕದ ಶಾಸನಸಭೆಗಳು ಇಪ್ಪತ್ತು ವರ್ಷ ಹೆಣಗಿ ಹೇಳುತ್ತಿರುವುದನ್ನು ನಮ್ಮ ಆಯೋಗವೊಂದು ಒಂದೇ ಆದೇಶದಲ್ಲಿ ಹೇಳಿತ್ತೆಂಬುದು ನಮಗೆ ಅಭಿಮಾನದ ಸಂಗತಿ. ಆದರೆ ಆದೇಶ ಬೇರೆ, ಶಾಸನ ಬೇರೆ. ಆದೇಶ ನಡೆದುಹೋದ ತಪ್ಪಿಗೆ ಉತ್ತರ ಹೇಳುತ್ತದೆ. ಮುಂದೆ ಬರುವ ಯಂತ್ರಕ್ಕೆ ನಿಯಮ ಹಾಕುವುದು ಶಾಸನದ ಕೆಲಸ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಬಂದ ಮೇಲೆ ನಮ್ಮ ಸಣ್ಣ ಕಾರುಗಳಲ್ಲಿಯೂ ಸೆನ್ಸರುಗಳ ಸಂಖ್ಯೆ ಹೆಚ್ಚಿದೆ. ಬ್ಯಾಟರಿಯ ಕಾರುಗಳು ಬಂದಿವೆ. ಗಾಳಿಯಲ್ಲಿ ಮಾತಾಡುವ ಕಾರುಗಳಂತೂ ಈಗ ಹತ್ತು ಲಕ್ಷದ ಬೆಲೆಯೊಳಗೇ ದೊರೆಯುತ್ತವೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕನ್ನು ಕುರಿತು ಸಮಿತಿಯೊಂದನ್ನು ರಚಿಸಿ, ಕೃಷಿಯಂತ್ರ, ಮೊಬೈಲು ಮೊದಲಾದ ವಿದ್ಯುನ್ಮಾನ ವಸ್ತು, ಗೃಹೋಪಯೋಗಿ ಉಪಕರಣ, ಮೋಟಾರು ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಅದಕ್ಕೆ ಒಪ್ಪಿಸಿತು. ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು, ತಯಾರಕರು ತಮ್ಮ ವಸ್ತುಗಳ ದುರಸ್ತಿಯ ಮಾಹಿತಿಯನ್ನು ಜನರಿಗೆ ಒಂದೇ ಕಡೆ ಒದಗಿಸುವುದಕ್ಕೆಂದು ಪೋರ್ಟಲೊಂದು ತೆರೆಯಿತು. ಇದು ಸಲ್ಲತಕ್ಕ ಕಾರ್ಯವೇ. ಆದರೆ ಪೋರ್ಟಲಿನಲ್ಲಿ ಕಂಪನಿಗಳು ತಮಗೆ ಇಷ್ಟವಾದಷ್ಟನ್ನು ಹೇಳುತ್ತವೆ. ಹುಣಸೆಮರದ ಕೆಳಗಿನ ಮೇಸ್ತ್ರಿಗೆ ಬೇಕಾಗಿರುವುದು ಅವುಗಳಿಗೆ ಇಷ್ಟವಿಲ್ಲದ ಭಾಗ: ಒಂದರಿಂದ ತೊಡಗುವ ಸಂಕೇತಗಳ ಅರ್ಥ, ಹೊಸ ಬಿಡಿಭಾಗವನ್ನು ಕಂಪ್ಯೂಟರಿಗೆ ಒಪ್ಪಿಸುವ ಸಾಫ್ಟ್‌ವೇರು, ಒಡೆಯನು ಅನುಮತಿ ಕೊಟ್ಟಾಗ ಗಾಳಿಯಲ್ಲಿ ಹರಿಯುವ ಮಾಹಿತಿಯಲ್ಲಿ ದುರಸ್ತಿಗೆ ಸಲ್ಲುವ ಪಾಲು. ಇವನ್ನು ಪುಕ್ಕಟೆಯಾಗಿ ಕೊಡಿರೆಂದು ಯಾರೂ ಕೇಳುತ್ತಿಲ್ಲ. ನ್ಯಾಯವಾದ ಬೆಲೆಗೆ, ಡೀಲರಿಗೆ ಕೊಟ್ಟಂತೆಯೇ, ಎಲ್ಲರಿಗೂ ಕೊಡಬೇಕೆಂದು ಸಂಸತ್ತು ಒಂದು ಶಾಸನ ಮಾಡಬೇಕು. ಮ್ಯಾಸಚೂಸೆಟ್ಸಿನವರಂತೆ ಎಂಟು ವರ್ಷಗಳ ತರುವಾಯ ಮತ್ತೊಂದು ಮಾಡಬೇಕಾಗದಂತೆ, ಸಾಕೆಟ್ಟೆಂದೋ ಬ್ಲೂಟೂತೆಂದೋ ದಾರಿಯ ಹೆಸರು ಹಿಡಿಯದೆ, ಮಾಹಿತಿ ಯಾವ ದಾರಿಯಿಂದ ಬಂದರೂ ಅದು ಒಡೆಯನದೆಂಬ ತತ್ತ್ವವನ್ನೇ ಆ ಶಾಸನದ ಮೊದಲನೆಯ ಕಲಮಾಗಿ ಬರೆಯಬೇಕು.

ಹಾಸನದ ಮೇಸ್ತ್ರಿಗಳ ಮಗ ಐಟಿಐ ಮುಗಿಸಿ ಈಗ ತಂದೆಯ ಜೊತೆಯಲ್ಲಿಯೇ ಕೆಲಸ ಮಾಡುತ್ತಿದ್ದಾನೆ. ಹುಡುಗ ಚುರುಕು; ಕಂಪ್ಯೂಟರು ಬಲ್ಲವನು. ಸಾಲ ಮಾಡಿ ದೊಡ್ಡ ಸ್ಕ್ಯಾನರು ಕೊಳ್ಳಬೇಕೆಂದಿದ್ದಾನೆ. ಕೊಂಡರೂ ಪ್ರಯೋಜನವಾದೀತೋ ಇಲ್ಲವೋ ಎಂದು ಹೋದ ವಾರ ನನ್ನನ್ನು ಕೇಳಿದನು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ದೆಹಲಿಯಲ್ಲಿದ್ದಾರೆ. ಅವರು ಬೇಗ ಕೊಡಲಿ.